ಆರನೆಯ ಪೆಂಟಿ

ಬಾಯಲ್ಲಿ ಹೇಳಿದ ತೂಕವನ್ನು ನಾನು ಬರೆದುಕೊಳ್ಳುವುದಿಲ್ಲ. ಒಮ್ಮೆ ಒಬ್ಬ ಹೆಂಗಸು ಹೇಳಿದ್ದನ್ನು ಬರೆದುಕೊಂಡು ಕೆಟ್ಟಿದ್ದೇನೆ. ಔಷಧದ ಲೆಕ್ಕ ತಪ್ಪಿ ಆಕೆಯನ್ನು ಮತ್ತೆ ಕರೆಸಿ ಸ್ಕ್ಯಾನ್ ಮಾಡಬೇಕಾಯಿತು. ಅಂದಿನಿಂದ ಗದಗಿನ ಈ ಸ್ಕ್ಯಾನ್ ಸೆಂಟರಿನಲ್ಲಿ ನನ್ನ ಹೆಸರು ತಕ್ಕಡಿ ರಂಜನಾ. ಅನ್ನಲಿ, ನನಗೇನು. ಬೆಟಗೇರಿಯ ನೇಕಾರರ ಮನೆಯವಳು ನಾನು, ನೂಲು ತೂಗದೆ ಮಗ್ಗಕ್ಕೆ ಏರಿಸಿದವರಲ್ಲ ನಾವು.

"ಅರವತ್ತು ಕಿಲೋ ಅದೀನಿ," ಎಂದಳು ಶಿಗ್ಲಿಯ ಗದಿಗೆವ್ವ. ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಂಆರ್‌ಐಗೆ ಬಂದಿದ್ದಳು. "ಹೋದ ತಿಂಗಳ ಗುಡಿಯಾಗ ಬೆಲ್ಲದ ತುಲಾಭಾರ ಮಾಡಿಸೇವಿ. ಹತ್ತು ಕಿಲೋದ ಪೆಂಟಿ, ಬರೋಬ್ಬರಿ ಆರು."

ಗಂಡ ವಿರೂಪಾಕ್ಷಪ್ಪ ಪಕ್ಕದಲ್ಲಿ ಚಪ್ಪಲಿ ಮೆಟ್ಟುತ್ತ ಬಿಡುತ್ತ ನಿಂತಿದ್ದ. "ಖರೆ ಐತ್ರಿ, ಅರವತ್ತು ಬರ್ಕೋರಿ," ಎಂದ.

ಒಳಗಿನಿಂದ ಡಾಕ್ಟರು ಎರಡನೆಯ ಸಲ ಕರೆದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಟನ್ನು ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧವನ್ನು ಮೈತೂಕದ ಲೆಕ್ಕದಲ್ಲೇ ರಕ್ತಕ್ಕೆ ಬಿಡಬೇಕು. ಅರವತ್ತಕ್ಕೆ ಹನ್ನೆರಡು ಎಂಎಲ್. ಆದರೆ ಆಕೆಯ ಜಂಪರಿನ ಎರಡೂ ಬದಿಗೆ ಹೊಸ ದಾರದ ಹೊಲಿಗೆ ಇತ್ತು, ಸಡಿಲಾದದ್ದನ್ನು ಒಳಗೆ ಹಿಡಿದು ಹಾಕಿದ್ದು.

"ಮಷಿನ್ ಮ್ಯಾಲೆ ಒಮ್ಮೆ ನಿಂದರ್ರಿ ಯವ್ವಾ."

"ದೇವರ ತಕ್ಕಡಿಗಿಂತ ನಿಮ್ದು ದೊಡ್ಡದೇನು?"

"ದೇವರು ಸೂಜಿ ಚುಚ್ಚೂದಿಲ್ಲ, ನಾ ಚುಚ್ಚಬೇಕು. ನಿಂದರ್ರಿ."

ನಿಂತಳು. ನಲವತ್ತೊಂಬತ್ತು. ಮಷಿನ್ನೇ ಕೆಟ್ಟಿದೆ ಎಂದಳು. ಸಿಟ್ಟು ನೆತ್ತಿಗೇರಿತು. ಆಕೆಯನ್ನು ಇಳಿಸಿ ನಾನೇ ಹತ್ತಿ ನಿಂತೆ. ಬೆಳಿಗ್ಗೆ ತೂಗಿಕೊಂಡಾಗ ಬಂದಿದ್ದ ಐವತ್ತೆಂಟೇ ಮತ್ತೆ ಬಂತು.

ವಿರೂಪಾಕ್ಷಪ್ಪ ಗೋಡೆಯ ಕಡೆ ತಿರುಗಿದ. "ಮಷಿನ್ ಖರೆ ಐತಿ. ಐದನೇ ಪೆಂಟಿಗೇ ಬೆಲ್ಲದ ತಕ್ಕಡಿ ಕೆಳಗ ಬಂದಿತ್ತು. ಇಕಿ ಕಣ್ಣು ಮುಚ್ಚಿ ಕೈ ಮುಗದು ಕುಂತಿದ್ಲು. ಇಷ್ಟು ಸೊರಗೇನಿ ಅಂತ ಅಂಜತಾಳಂತ ನಾನ ಇನ್ನೊಂದು ಇಟ್ಟೆ."

ಆಮೇಲೆ ನನಗೆ ಕೈ ಜೋಡಿಸಿದ. "ಔಷಧ ಮಾತ್ರ ಅರವತ್ತರದ ಹಾಕ್ರಿ ಬಾಯಾರ. ಕಡಿಮಿ ಬ್ಯಾಡ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಇದು ಗುಣಾ ಮಾಡೂ ಔಷಧ ಅಲ್ಲರಿ, ಒಳಗಿಂದು ತೋರಸೂದು. ಹೆಚ್ಚಾದ್ರ ಮೈಗೆ ಭಾರ. ಮುಂದ ತಗಿಯೂ ಚಿತ್ರದ ಜೋಡಿ ಹೋಲಿಸಾಕೂ ಬರೂದಿಲ್ಲ. ದೇವರಿಗೆ ಒಂದು ಪೆಂಟಿ ಹೆಚ್ಚಾದ್ರ ನಡೀತೈತಿ, ಇದಕ್ಕ ನಡಿಯೂದಿಲ್ಲ."

ಗದಿಗೆವ್ವ ಸೆರಗು ಸರಿಮಾಡಿಕೊಂಡು ಗಂಡನನ್ನು ನೋಡಿದಳು.

"ಜಂಪರ್ ಹಿಡದು ಹೊಲದಾಕಿ ನಾನ. ನೀವು ಆರನೇ ಪೆಂಟಿ ಇಟ್ಟಾಗ ನಾ ಕುಂತ ತಕ್ಕಡಿ ಇನ್ನಷ್ಟು ಮ್ಯಾಲೆ ಎದ್ದಿತಲ್ಲ, ಅಷ್ಟೂ ತಿಳಿಯೂದಿಲ್ಲೇನು? ನಿಮಗ ಸಮಾಧಾನ ಆಗ್ಲಿ ಅಂತ ಕಣ್ಣು ತೆರೀಲಿಲ್ಲ."

ಆತ ಜೋಡಿಸಿದ ಕೈ ಇಳಿಸಿದ.

"ಇದ್ದಷ್ಟ ಬರೀ ತಂಗಿ," ಎಂದಳು ನನಗೆ.

ನಲವತ್ತೊಂಬತ್ತು ಎಂದು ಬರೆದೆ. ಒಂಬತ್ತು ಪಾಯಿಂಟ್ ಎಂಟು ಎಂಎಲ್ ತುಂಬಿ ಸಿರಿಂಜಿನ ಗೆರೆಯನ್ನು ಎರಡು ಸಲ ನೋಡಿದೆ.