ಹೆಸರು, ಬೀದಿ, ಸಂಬಳ

ಮಾರ್ಸ್‌ಬರಿ ಊರಿನಲ್ಲಿ ಯಾರ ಗರ್ಭಕೋಶ ತೆಗೆದರು, ಯಾರ ಹೆಂಡತಿ ಯಾವ ದೋಣಿಯವನ ಜೊತೆ ಹೋದಳು ಎಂಬುದನ್ನೆಲ್ಲ ಅಂಚೆ ಕಚೇರಿಯ ಮುಂದೆ ನಿಂತು ಗಂಟೆಗಟ್ಟಲೆ ಮಾತಾಡಬಹುದು. ಸಂಬಳ ಎಷ್ಟು ಅಂತ ಮಾತ್ರ ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಸಾಯುವ ತನಕ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಹೋಗಿದ್ದಾರೆ. ಅದೇನು ಚಿನ್ನದ ಗಣಿಯ ಗುಟ್ಟೋ! ಲೊರೀನ್ ಫರ್ಟಾಡೊ ಕೂಡ ನಲವತ್ತೊಂದು ವರ್ಷ ಈ ಕಟ್ಟಳೆ ಮುರಿದವಳಲ್ಲ.

ಮುರಿದದ್ದು ಮೇ ತಿಂಗಳ ಶನಿವಾರ ಬೆಳಿಗ್ಗೆ, ಊರ ಸಭೆಯಲ್ಲಿ. ವರ್ಷಕ್ಕೊಮ್ಮೆ ಮತದಾರರೆಲ್ಲ ಶಾಲೆಯ ಆಟದ ಕೋಣೆಯಲ್ಲಿ ಕಬ್ಬಿಣದ ಕುರ್ಚಿಗಳ ಮೇಲೆ ಕೂರುತ್ತಾರೆ. ಬಾಗಿಲಲ್ಲಿ ಒಂದು ಹಳದಿ ಚೀಟಿ ಕೊಡುತ್ತಾರೆ, ಅದನ್ನೆತ್ತಿದರೆ ಮತ. ಮಾತಾಡಬೇಕೆಂದವರು ಮೈಕಿನ ಮುಂದೆ ಸಾಲು ನಿಂತು ಮೊದಲು ಹೆಸರು, ಬೀದಿ ಹೇಳಬೇಕು. ಆಮೇಲೆ ಮೂರು ನಿಮಿಷ ಯಾರೂ ತಡೆಯುವಂತಿಲ್ಲ. ಲೊರೀನ್ ಆ ಶಾಲೆಯದೇ ಅಡುಗೆಮನೆಯ ಮುಖ್ಯಸ್ಥೆ. ಅಲ್ಲಿದ್ದ ಅರ್ಧ ಜನರ ಮಕ್ಕಳು ಅವಳು ಬಡಿಸಿದ್ದನ್ನು ತಿಂದೇ ಬೆಳೆದವರು.

ಅವಳ ಸಂಸಾರ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದ ಮನೆಯನ್ನು ಮಾರ್ಚ್‌ನಲ್ಲಿ ಮಾಲೀಕ ಬೇಸಿಗೆಗೆ ಬಂದು ಹೋಗುವ ಬಾಸ್ಟನ್ನಿನವರಿಗೆ ಮಾರಿಬಿಟ್ಟಿದ್ದ. ಜೂನ್ ಕೊನೆಗೆ ಖಾಲಿ ಮಾಡಬೇಕು. ಊರಿನಲ್ಲಿ ಬೇರೆ ಮನೆ ಕೇಳಿದರೆ ಬಾಡಿಗೆ ಕೇಳಿಯೇ ತಲೆ ತಿರುಗುತ್ತಿತ್ತು. ಉಳಿದದ್ದು ಒಂದೇ ದಾರಿ. ಗಿರಣಿ ಬೀದಿಯ ಹಳೆಯ ಶಾಲೆಯನ್ನು ರಿಪೇರಿ ಮಾಡಿ ಹದಿನೆಂಟು ಮನೆ ಮಾಡಿದ್ದರು. ಅವನ್ನು ಊರಿನಲ್ಲಿ ಕೆಲಸ ಮಾಡುವವರಿಗೆ ಕೈಗೆಟಕುವ ಬಾಡಿಗೆಗೆ ಕೊಡುವುದೋ, ಇಲ್ಲ ಒಟ್ಟಿಗೆ ಒಬ್ಬ ಹೋಟೆಲಿನವನಿಗೆ ಮಾರುವುದೋ ಎಂಬುದು ಇವತ್ತಿನ ಮತ. ಬಾಡಿಗೆಗೆ ಎಂದಾದರೆ ಅರ್ಜಿಯ ಸಾಲಿನಲ್ಲಿ ಫರ್ಟಾಡೊ ಮನೆ ನಾಲ್ಕನೆಯದು, ಊರು ಉಳಿಯಿತು. ಇಲ್ಲದಿದ್ದರೆ ಒಂದೂಕಾಲು ಗಂಟೆ ದೂರದ ಊರಿಗೆ ಗಂಟುಮೂಟೆ.

ಅವಳ ಗಂಡ ಮ್ಯಾನಿ ಊರಿನ ರಸ್ತೆ ಇಲಾಖೆಯವನು. ಚಳಿಗಾಲವಿಡೀ ಹಿಮ ಎತ್ತುತ್ತಾನೆ. ಅದರ ಜೊತೆಗೆ ಅಗ್ನಿಶಾಮಕ ದಳದ ಕರೆಗೆ ಓಡುವ ಹನ್ನೊಂದು ಜನರಲ್ಲಿ ಒಬ್ಬ. ಆ ಕೆಲಸಕ್ಕೆ ಊರೊಳಗೇ ಮನೆ ಇರಬೇಕು, ಊರು ಬಿಟ್ಟರೆ ಅದೂ ಹೋಯಿತು.

ಮೈಕಿನಲ್ಲಿ ಆಗ ಡಾಕ್ಟರ್ ಹೊಲಿಸ್ ಥೇಯರ್ ಇದ್ದರು. ಊರಿಗೆಲ್ಲ ಹಲ್ಲು ಕಿತ್ತು ನಿವೃತ್ತರಾದವರು.

"ನಾನು ಬಡವರ ವಿರೋಧಿ ಅಲ್ರಪ್ಪ," ಎಂದರು. "ಆದ್ರೆ ಈ ಕಾಗದ ಓದಿ ನಗು ಬಂತು. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ದುಡಿಯೋ ಮನೆಗೂ ಇಲ್ಲಿ ರಿಯಾಯ್ತಿ ಬಾಡಿಗೆ ಅಂತೆ! ಆರಂಕಿ ಸಂಪಾದನೆ ಇಟ್ಕೊಂಡು ಬಾಡಿಗೆ ಕಟ್ಟೋಕಾಗಲ್ಲ ಅಂದ್ರೆ ಅದು ಬಡತನ ಅಲ್ಲ, ಶೋಕಿ."

ಸಭೆ ನಕ್ಕಿತು. ಲೊರೀನ್ ಪಕ್ಕದಲ್ಲಿ ಹಳೆಯ ಲೈಬ್ರರಿಯಮ್ಮ ಹೆಸ್ಟರ್ ಕೂತಿದ್ದಳು. ಎಂಬತ್ತಮೂರು ವರ್ಷ, ಊರ ಸಭೆಗೆ ಬಂದರೆ ಉಣ್ಣೆಯ ಕಾಲುಚೀಲ ಹೆಣೆಯದೆ ಎದ್ದವಳಲ್ಲ. "ಅಪ್ಪ ಕೊಟ್ಟ ಮನೇಲಿ ಕೂತು ಇವ್ನು ನಮ್ಗೆ ಬಾಡಿಗೆ ಪಾಠ ಹೇಳ್ತಾನೆ," ಎಂದು ಗೊಣಗಿದಳು.

ಸಾಲಿನಲ್ಲಿ ಮುಂದಿನವನು ಮ್ಯಾನಿ. ಎರಡು ವಾರ ಕೂತು ಒಂದು ಹಾಳೆ ಬರೆದಿದ್ದ. ಊರಿಗೆ ಕೆಲಸದವರು ಬೇಕು, ದಯವಿಟ್ಟು ಯೋಚಿಸಿ, ಅಂತ ಸಂಕೋಚದ ನಾಲ್ಕು ಮಾತು. ಅವನು ಮೈಕಿಗೆ ಕೈ ಹಾಕಿದ್ದೇ ತಡ, ಸೊಂಟದಲ್ಲಿದ್ದ ಅಗ್ನಿಶಾಮಕ ದಳದ ಪೇಜರ್ ಕಿರುಚಿತು. ಕೋಣೆಯ ಹತ್ತು ಮೂಲೆಗಳಲ್ಲಿ ಇನ್ನೂ ಹತ್ತು ಕಿರುಚಿದವು. ಹತ್ತು ಕುರ್ಚಿ ಹಿಂದೆ ಸರಿದವು. ಮ್ಯಾನಿ ಓಡುತ್ತ ಹಾಳೆಯನ್ನು ಹೆಂಡತಿಯ ಕೈಗೆ ತುರುಕಿದ.

"ನೀನೇ ಓದ್ಬಿಡು. ಸಂಬಳದ ಮಾತು ಎತ್ಬೇಡ ಕಣೇ, ನಿನ್ನ ದಮ್ಮಯ್ಯ."

ಟ್ರಕ್ಕಿನ ಸದ್ದು ದೂರವಾಗುವ ಮೊದಲೇ ಥೇಯರ್ ಕೂತಿದ್ದ ಸಾಲಿನಿಂದ ಒಬ್ಬ ಎದ್ದ. "ಚರ್ಚೆ ಸಾಕು, ಮತಕ್ಕೆ ಹಾಕಿ!"

ಲೊರೀನ್‌ಗೆ ಅವನ ಲೆಕ್ಕ ಅರ್ಥವಾಯಿತು. ಹೋದ ಹನ್ನೊಂದೂ ಮತ ಬಾಡಿಗೆಯ ಪರ. ಆ ಹನ್ನೊಂದರಲ್ಲಿ ಆರು ಮನೆಯವರು ಅದೇ ಅರ್ಜಿ ಹಾಕಿದವರು.

ಸಭಾಧ್ಯಕ್ಷೆ ಮಿಸೆಸ್ ಅಲ್ಡೆನ್ ಕನ್ನಡಕದ ಮೇಲಿಂದ ನೋಡಿದರು. "ಮ್ಯಾನಿಯ ಸರದಿ ಮುಗಿದಿಲ್ಲ. ಅವನ ಹೆಂಡತಿ ಮಾತಾಡ್ತಾರಾ?"

"ಮಾತಾಡ್ತೀನಿ," ಎಂದಳು ಲೊರೀನ್. ಮೈಕಿನ ಮುಂದೆ ನಿಂತಳು. "ಲೊರೀನ್ ಫರ್ಟಾಡೊ. ಕೆರೆ ಬೀದಿ." ಹಾಳೆ ಬಿಡಿಸಿದಳು. 'ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು' ಎಂದಿತ್ತು ಮೊದಲ ಸಾಲು. ಬಡಪಾಯಿ ಮ್ಯಾನಿ! ಇವರ ಅಮೂಲ್ಯ ಸಮಯವಂತೆ! ಅವಳಿಗೆ ಮೈಯೆಲ್ಲ ಉರಿಯಿತು. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

"ಡಾಕ್ಟ್ರೇ, ಶೋಕಿ ಅಂದ್ರಲ್ಲ, ಆ ಶೋಕಿಯವಳು ನಾನೇ. ನನ್ನದು ಐವತ್ತು ಸಾವಿರ, ಮ್ಯಾನಿದು ಅರವತ್ತೆರಡು. ಒಟ್ಟು ಒಂದು ಲಕ್ಷ ಹನ್ನೆರಡು ಸಾವಿರ ಡಾಲರ್."

ಯಾರೋ ಬಟ್ಟೆ ಬಿಚ್ಚಿ ನಿಂತಂತೆ ಸಭೆ ಮುಖ ತಿರುಗಿಸಿತು. ಹೆಸ್ಟರ್ ಹೆಣಿಗೆಯ ಕಡ್ಡಿ ನಿಂತಿತು.

"ಲೊರೀನ್, ನೋಡಮ್ಮ, ಅದೆಲ್ಲ ಇಲ್ಲಿ ಬೇಡ," ಎಂದರು ಥೇಯರ್.

"ಯಾಕ್ ಬೇಡ? ನೀವು ಹೇಳ್ಬಹುದು, ನಾವು ಹೇಳ್ಬಾರ್ದಾ? ಮೂರು ವರ್ಷದ ಹಿಂದೆ ಲಕ್ಷ ದಾಟಿದ ದಿನ ಕೇಕ್ ತಂದು ಆರು ಸೊನ್ನೆ ಬರೆಸಿದ್ವಿ. ಒಂದು ಸೊನ್ನೆ ಜಾಸ್ತಿನೇ ಆಗಿತ್ತು, ಖುಷೀಲಿ ಯಾರು ಎಣಿಸ್ತಾರೆ! ಗೆದ್ವಿ ಅಂದ್ಕೊಂಡ್ವಿ. ಈಗ ತಿಂಗಳಿಗೆ ಬಾಡಿಗೆ ಎರಡು ಸಾವಿರದ ಒಂಬೈನೂರು. ಚಿಕ್ಕ ಮಗಳನ್ನ ನೋಡ್ಕೊಳ್ಳೋರಿಗೆ ಸಾವಿರದ ಏಳ್ನೂರು, ಯಾಕಂದ್ರೆ ನಾನು ನಿಮ್ಮ ಮೊಮ್ಮಕ್ಕಳಿಗೆ ಬಡಿಸೋಕೆ ಬರ್ಬೇಕಲ್ಲ. ಆರೋಗ್ಯ ವಿಮೆಗೆ ಒಂಬೈನೂರು. ತೆರಿಗೆ ಹೋಗಿ, ಇವೆಲ್ಲ ಹೋಗಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡೋ ಎಣ್ಣೆಗೆ ಪರದಾಡ್ತೀವಿ. ನನ್ನ ಹಿಂದಿನ ಹಲ್ಲು ಎರಡು ವರ್ಷದಿಂದ ನೋಯ್ತಿದೆ ಡಾಕ್ಟ್ರೇ, ಬಲಗಡೆ ಅಗಿಯೋದೇ ಬಿಟ್ಟಿದೀನಿ. ಶೋಕಿ!"

"ಸಮಯ ಆಯ್ತು," ಎಂದರು ಅಲ್ಡೆನ್, ಮೆಲ್ಲಗೆ.

ಮತಕ್ಕೆ ಹಾಕಿದರು. ಪರವಾಗಿ ಚೀಟಿಗಳೆದ್ದವು, ವಿರುದ್ಧವಾಗಿಯೂ ಎದ್ದವು. ಅಲ್ಡೆನ್ ಎರಡೂ ಸಲ ಕೋಣೆಯ ಉದ್ದಗಲ ಕಣ್ಣಾಡಿಸಿದರು. "ನನ್ನ ಕಣ್ಣಿಗೆ ಕಂಡ ಪ್ರಕಾರ, ಬಾಡಿಗೆಯ ಪ್ರಸ್ತಾಪ ಬಿದ್ದಿದೆ."

"ನಾನು ಒಪ್ಪಲ್ಲ," ಎಂದಳು ಲೊರೀನ್. ಮೈಕ್ ಬಿಟ್ಟು ಕದಲಿರಲಿಲ್ಲ.

ಆ ಹಕ್ಕು ಊರ ಸಭೆಯಲ್ಲಿ ಯಾವತ್ತಿನಿಂದಲೂ ಇದೆ. ಅಧ್ಯಕ್ಷರ ಕಣ್ಣಳತೆ ಒಪ್ಪದಿದ್ದರೆ ಏಳು ಜನ ಎದ್ದು ನಿಂತು ಹೇಳಬೇಕು. ಆಗ ಸಾಲುಸಾಲಾಗಿ ತಲೆ ಎಣಿಸಲೇಬೇಕು.

"ಒಬ್ಬರು," ಎಂದರು ಅಲ್ಡೆನ್. "ಇನ್ನೂ ಆರು ಜನ ಬೇಕು. ಏಳುವವರು ಹೆಸರು, ಬೀದಿ ಹೇಳಿ."

ಯಾರೂ ಏಳಲಿಲ್ಲ. ಲೊರೀನ್ ತಲೆ ತಗ್ಗಿಸಲಿಲ್ಲ. ತಗ್ಗಿಸುವಂಥದ್ದು ಅವಳೇನು ಮಾಡಿದ್ದಳು?

ಹೆಸ್ಟರ್ ಉಣ್ಣೆಯ ಉಂಡೆಯನ್ನು ಚೀಲಕ್ಕೆ ತುರುಕಿ ಕೋಲೂರಿ ಎದ್ದಳು. "ಹೆಸ್ಟರ್ ಪೈಕ್. ಚರ್ಚ್ ಬೀದಿ. ಪಿಂಚಣಿ ಮೂವತ್ತೊಂದು ಸಾವಿರ. ಹೇಳಿದ್ದಾಯ್ತು, ಸಿಡಿಲೇನೂ ಹೊಡೀಲಿಲ್ಲ."

ಒಬ್ಬಿಬ್ಬರು ನಕ್ಕರು. ಗಣಿತದ ಮೇಷ್ಟ್ರು ಎದ್ದ. "ಡ್ವೈಟ್ ಕಾಲ್ಬಿ. ಬಂದರು ಬೀದಿ. ನಾನು, ನನ್ನ ಹೆಂಡತಿ ಸೇರಿ ಒಂದು ಲಕ್ಷ ಮೂವತ್ತೆಂಟು ಸಾವಿರ. ನಂಗೆ ಆ ಮನೆ ಸಿಗಲ್ಲ ಬಿಡಿ, ಮಿತಿ ದಾಟಿದೀನಿ. ಆದ್ರೂ ಮೂರು ವರ್ಷದಿಂದ ನಾವು ನಾಲ್ಕು ಜನ ಇರೋದು ನಮ್ಮತ್ತೆ ಮನೆ ನೆಲಮಾಳಿಗೇಲಿ."

"ಹೌದೇನೋ!" ಎಂದಿತು ಯಾರದೋ ಬಾಯಿ. ಅವನ ಇಸ್ತ್ರಿ ಅಂಗಿ ನೋಡಿ ಯಾರೂ ಹಾಗೆ ಅಂದುಕೊಂಡಿರಲಿಲ್ಲ.

ಆಮೇಲೆ ತಡವಾಗಲಿಲ್ಲ. ದವಾಖಾನೆಯ ನರ್ಸ್ ಎದ್ದಳು. ಅಂಚೆಯವನು ಎದ್ದ, ಸಂಬಳ ಹೇಳುವಾಗ ಕಿವಿ ಕೆಂಪಾದವು. ಕಡಲ ಕಪ್ಪೆಚಿಪ್ಪು ಹೆಕ್ಕಿ ಮಾರುವ ದಂಪತಿಗಳಿಬ್ಬರೂ ಎದ್ದು, ಯಾವ ವರ್ಷ ಎಷ್ಟು ಎಂದು ಅಲ್ಲೇ ಜಗಳವಾಡಿದರು. ಏಳು ತುಂಬಿತು. ಥೇಯರ್, "ಇದೇನ್ ಸಭೆನೋ ಸಂತೆನೋ!" ಎಂದರು. ಅಲ್ಡೆನ್ ಎಣಿಕೆಯವರನ್ನು ಕರೆದರು.

ಎಣಿಕೆ ಅಂದರೆ ಮಾರ್ಸ್‌ಬರಿಯಲ್ಲಿ ಬೇಗ ಮುಗಿಯುವ ಕೆಲಸವಲ್ಲ. ಎಣಿಸುವವರಿಬ್ಬರೂ ಎಪ್ಪತ್ತು ದಾಟಿದವರು. ನಾಲ್ಕನೇ ಸಾಲಿನಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಕರೆಗೆ ಹೋದವರು ಬರುವ ತನಕ ಹೀಗೇ ತಪ್ಪುತ್ತಿರಲಿ ಎಂದು ಲೊರೀನ್ ಅವರಿಬ್ಬರಿಗೂ ಮನಸ್ಸಿನಲ್ಲೇ ಕೈ ಮುಗಿದಳು.

ಕೊನೆಯ ಮೂರು ಸಾಲು ಇರುವಾಗ ಬಾಗಿಲು ತೆರೆಯಿತು. ಹನ್ನೊಂದು ಜನ, ದಪ್ಪ ಅಂಗಿ, ಬೆವರು. ಎಲ್ಲ ಆ ಹಿಂದಿನ ಸಾಲುಗಳಲ್ಲೇ ಕೂತರು.

"ಇವರು ಈಗ ಬಂದವರು, ಎಣಿಸೋ ಹಾಗಿಲ್ಲ!" ಎಂದರು ಥೇಯರ್.

"ಆ ಸಾಲು ಇನ್ನೂ ಎಣಿಸಿಲ್ಲ, ಡಾಕ್ಟರ್. ಕೂತ್ಕೊಳ್ಳಿ," ಎಂದರು ಅಲ್ಡೆನ್. ಕರೆಗೆ ಹೋಗಿ ಬಂದವರು ಏನಾಯಿತೆಂದು ಸಭೆಗೆ ತಿಳಿಸುವುದು ವಾಡಿಕೆ. "ಮ್ಯಾನಿ, ಎಲ್ಲರೂ ಕ್ಷೇಮವಾ?"

ಮ್ಯಾನಿ ಮೈಕಿಗೆ ಬಂದ. ಹೆಂಡತಿಯ ಮುಖ ನೋಡಿ ಏನೋ ಆಗಿದೆ ಎಂದು ಅವನಿಗೆ ಗೊತ್ತಾಯಿತು. "ಕ್ಷೇಮ ಮೇಡಂ. ಕಡಲ ಬೀದಿ ಒಂಬತ್ತನೇ ನಂಬರು. ಬೆಂಕಿ ಗಿಂಕಿ ಏನಿಲ್ಲ, ಹೊಗೆ ಪತ್ತೆ ಮಾಡೋ ಗಂಟೆ ಸುಮ್ನೆ ಬಡ್ಕೊಂಡಿತ್ತು."

"ಮನೆಯವರು?"

"ಯಾರೂ ಇಲ್ಲ. ಬೇಸಿಗೆ ಮನೆ ಅಲ್ವಾ, ಜುಲೈಗೆ ಬರ್ತಾರಂತೆ. ಎಂಟು ರೂಮು. ಎಲ್ಲಾ ಕಡೆ ಹೀಟರ್ ಉರೀತಾ ಇತ್ತು, ಬೆಚ್ಚಗಿತ್ತು."

ಅವನು ಅದನ್ನು ಚುಚ್ಚಬೇಕೆಂದು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ ಅಷ್ಟೇ. ಥೇಯರ್ ತಮ್ಮ ಚೀಟಿಯನ್ನೇ ನೋಡುತ್ತ ಕೂತರು.

ಹೆಸ್ಟರ್ ಕೋಲಿನಿಂದ ನೆಲ ಕುಟ್ಟಿದಳು. "ಮ್ಯಾನಿ, ಮೈಕಿಗೆ ಬಂದ್ಮೇಲೆ ಹೆಸರು, ಬೀದಿ, ಸಂಬಳ ಹೇಳ್ಬೇಕಪ್ಪ. ಇವತ್ತು ಎಲ್ಲಾರೂ ಹೇಳಿದೀವಿ. ನಿನ್ನ ಹೆಂಡ್ತಿನೇ ಶುರುಮಾಡಿದ್ದು."

ಮ್ಯಾನಿ ಲೊರೀನ್ ಕಡೆ ತಿರುಗಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೈಯುವುದಿದ್ದರೆ ಇಲ್ಲೇ ಬೈಯಲಿ, ಎಂದು ಗಟ್ಟಿಯಾಗಿ ನಿಂತಳು.

"ಎಷ್ಟು ಅಂದೆ?" ಎಂದ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಒಂದು ಲಕ್ಷ ಹನ್ನೆರಡು ಸಾವಿರ."

ಮ್ಯಾನಿ ತಲೆ ಕೆರೆದುಕೊಂಡ. ಆಮೇಲೆ ಶಿರಸ್ತ್ರಾಣ ಕಂಕುಳಿಗೆ ಸಿಕ್ಕಿಸಿಕೊಂಡು ಮೈಕಿನ ಹತ್ತಿರ ಬಾಯಿ ತಂದ. "ಮ್ಯಾನುಯೆಲ್ ಫರ್ಟಾಡೊ. ಕೆರೆ ಬೀದಿ. ಹನ್ನೆರಡಲ್ಲ, ಹದಿಮೂರು ಬರ್ಕೊಳ್ಳಿ ಮೇಡಂ. ಫೆಬ್ರವರೀಲಿ ಡಾಕ್ಟ್ರ ಬೀದಿ ಹಿಮ ಎತ್ತಿದ ಓವರ್‌ಟೈಮ್ ಇವಳು ಮರ್ತಿದಾಳೆ."

ನಗೆ ಛಾವಣಿಗೆ ಹತ್ತಿತು. ಲೊರೀನ್‌ಗೆ ನಗುವಿನ ಜೊತೆ ಅಳುವೂ ಬಂತು, ಎರಡನ್ನೂ ಒರೆಸಿಕೊಳ್ಳಲಿಲ್ಲ.

ಕೊನೆಯ ಮೂರು ಸಾಲುಗಳನ್ನು ಎಣಿಸಿದರು. ಪರ ನೂರ ಎಪ್ಪತ್ತೊಂದು, ವಿರುದ್ಧ ನೂರ ಅರವತ್ತಾರು. ಅಲ್ಡೆನ್ ಸುತ್ತಿಗೆ ಕುಟ್ಟಿದರು. ಮ್ಯಾನಿ ಬರೆದಿಟ್ಟ ಹಾಳೆಯನ್ನು ಲೊರೀನ್ ಜೇಬಿನಿಂದ ತೆಗೆದು ಅವನ ಕೈಗೆ ಕೊಟ್ಟಳು. "ತಗೋ. ಇದು ಬೇಕಾಗ್ಲಿಲ್ಲ."