ಮೂರು ಅಡ್ಡ ಗೆರಿ

ನನ್ನ ಬೈಯಾಕ ಬ್ಯಾರೇದವರು ಬ್ಯಾಡ್ರಿ, ನಾನ ಸಾಕು. ಅಣ್ಣಿಗೇರಿ ಬಾಜು ಇರೂ ನಮ್ಮ ಮಣ್ಣಿನ ಪ್ರಯೋಗಾಲಯದಾಗ ಒಂದು ಎಕ್ಸ್‌ರೇ ಸ್ಕ್ಯಾನರ್ ಐತಿ. ಎರಿ ಮಣ್ಣಿನ ಹೆಂಟಿ ಒಡೀದಂಗ ಒಳಗಿನ ಬಿರುಕಿನ ಫೋಟೋ ತೆಗೀತದ. ಅದನ್ನ ನಡಸಾಕಿ ನಾನು, ದಾನೇಶ್ವರಿ. ಅದನ್ನ ಮಾಡಿದ ಕಂಪನಿ ಮುಚ್ಚಿಹೋಗಿ, ಅದರ ಫೈಲು ಯಾವ ಸಾಫ್ಟ್‌ವೇರಿನ್ಯಾಗೂ ತೆರೀತಿದ್ದಿಲ್ಲ. ಎರಡು ವರ್ಷ ತೆಗೆದ ಫೋಟೋ ಯಾರೂ ಕಣ್ಣಿಲೆ ನೋಡಿದ್ದಿಲ್ಲ. ಅದಕ್ಕ ಶಲವಡಿ ಊರಿನ ಹುಡುಗಿ ಶಗುಫ್ತಾನ್ನ ಗುತ್ತಿಗಿ ಮ್ಯಾಲೆ ತಗೊಂಡ್ರು. ಈ ಫೈಲು ಓದೂ ಕೋಡ್ ಬರದ್ರ ಕಾಯಂ ಮಾಡ್ತೀನಿ ಅಂತ ನಮ್ಮ ಸಾಹೇಬ್ರು, ಗೌರೀಶ ಸರ್, ಮಾತು ಕೊಟ್ಟಿದ್ರು.

ಆರು ತಿಂಗಳು ಜೀವಾ ತೇದ್ಲು ನೋಡ್ರಿ ಆ ಹುಡುಗಿ. ಫೈಲಿನ್ಯಾಗ ಫೋಟೋ ಎಲ್ಲಿಂದ ಶುರು, ಎಲ್ಲಿಗೆ ಮುಗೀತದ, ಒಂದೊಂದ ಅಂಕಿ ಹಿಡದು ಹುಡುಕಿದ್ಲು. ಕಡೀಕ ತೆರೀತು! ಇಬ್ರೂ ಅಪ್ಪಿಕೊಂಡು ಕುಣದ್ವಿ. ಆದ್ರ ಎಲ್ಲಾ ಫೋಟೋದಾಗೂ ಒಂದ ಜಾಗಾದಾಗ ಮೂರು ಅಡ್ಡ ಗೆರಿ.

“ನಿನ್ನ ಕೋಡ್ ತಪ್ಪೈತಿ,” ಅಂದ್ರು ಸರ್.

“ಮಶೀನ್ ಒಮ್ಮೆ ನೋಡೂಣ್ರಿ ಸರ್.”

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ!”

ಶಗುಫ್ತಾ ನನ್ನ ಕೈ ಹಿಡದು ಸ್ಕ್ಯಾನರ್ ಹಂತೇಲಿ ಒಯ್ದು ಬಾಗಲಾ ತೆಗದ್ಲು. ಎಕ್ಸ್‌ರೇ ಬಂದು ಬೀಳೂ ಪರದಿ ತೋರಿಸಿದ್ಲು. ಎರಡು ವರ್ಷದ ಹಿಂದ ದಸರಾದ ಖಂಡೇಪೂಜಿಗೆ ನಾನ ಮೂರು ಬೆರಳಿಲೆ ದಪ್ಪಗ ಎಳದಿದ್ದ ವಿಭೂತಿ! “ಒಳಗೂ ಹಚ್ಚವಾ,” ಅಂದಾವರು ಸರ್. ಒರಸಬಾರದಂತ ಹಂಗ ಬಿಟ್ಟಿದ್ವಿ.

“ವಿಭೂತಿ ಒರಸ್ರಿ ಅಂತ ನಾ ಹೇಳಿದ್ರ ಮಾತು ಎತ್ತೆತ್ತಲೋ ಹೋಗ್ತೈತಿ ದಾನಕ್ಕಾ. ನೀನ ಹೇಳು,” ಅಂದ್ಲು.

“ನಾಳಿ ಹೇಳ್ತೀನಿ,” ಅಂದೆ. ನನ್ನ ನೌಕರೀನೂ ಗುತ್ತಿಗೀದ, ಅಂಜಿಕಿ ಬಂತು. ಎಂಟು ದಿನಾ ನಾಳಿ ನಾಳಿ ಅಂದೆ. ಒಂಬತ್ತನೇ ದಿನ ಆಕೀನ್ನ ತೆಗದ್ರು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ! ಹೋಗೂ ಮುಂದ ಆಕಿ ನನ್ನ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು.

ಮರುದಿನ ಹಸಿ ಅರಬಿ ತಗೊಂಡು ಆ ವಿಭೂತಿ ನಾನ ಒರಸಿದೆ. ಹೊಸ ಹೆಂಟಿ ಇಟ್ಟೆ. ಆಕಿ ಕೋಡಿನ್ಯಾಗ ಒಂದಕ್ಷರಾನೂ ಯಾರೂ ಮುಟ್ಟಿದ್ದಿಲ್ಲ. ಫೋಟೋ ಅಗದಿ ಸ್ವಚ್ಛ ಬಂತು, ಬೇರಿನ ಎಳಿ ಸೈತ ಕಾಣತಿತ್ತು.

ಸರ್ ಹಿಗ್ಗಿಬಿಟ್ರು. “ನೋಡಿದೇನ ದಾನೇಶ್ವರಿ, ಆಕಿ ಹೋದಮ್ಯಾಲೆ ಎಲ್ಲಾ ಸರಿ ಆತು. ಹೌದಿಲ್ಲೋ?”

“ಹೌದ್ರಿ ಸರ್,” ಅಂದೆ.