ಅರ್ಧಕ್ಕೇ ನಿಂತ ಅಪ್‌ಡೇಟ್

ರಾಯದುರ್ಗದ ರೇವತಿಯ ಮನೆ ಕಂಪ್ಯೂಟರಿನಿಂದ ಹದಿನಾಲ್ಕು ಹೆಂಗಸರ ಆಧಾರ್ ಪ್ರತಿಗಳನ್ನು ಯಾರೋ ಕದ್ದರು. ಅವರಲ್ಲೊಬ್ಬಳಾದ ತಿಪ್ಪಮ್ಮನ ಹೆಸರಿಗೆ ಸಿಮ್ ತೆಗೆದು, ಆ ನಂಬರಿನಿಂದ ಜನಕ್ಕೆ ಮೋಸ ಮಾಡಿದರು. ಪೊಲೀಸರ ಫೋನು ಬಂದದ್ದು ತಿಪ್ಪಮ್ಮನಿಗೆ.

ಜೀನ್ಸ್ ಹೊಲಿಯುವ ಹೆಂಗಸರ ಸಂಘದ ಕಾಗದಪತ್ರ ನೋಡಿಕೊಳ್ಳುವವಳು ರೇವತಿ. ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತಿಪ್ಪಮ್ಮ ಬಂದು ಪಡಸಾಲೆಯಲ್ಲೇ ಕೂತುಬಿಟ್ಟಿದ್ದಾಳೆ.

“ನಾನು ಕಳ್ಳಿ ಏನವ್ವ? ನಿನ್ನ ನಂಬಿ ಕೊಟ್ಟಿದ್ನಲ್ಲ!”

ರೇವತಿಯ ಅತ್ತೆ ಓಬಕ್ಕ ನಡುವೆ ಬಾಯಿ ಹಾಕಿದಳು. “ನಮ್ಮನಿಗೆ ಯಾವ ಕಳ್ಳ ಬಂದಾನ? ಬಾಗ್ಲ ಬೀಗ ಹಂಗೇ ಐತಿ.”

“ಈ ಕಳ್ಳರಿಗೆ ಬಾಗ್ಲು ಬ್ಯಾಡ್ರಿ ಓಬಕ್ಕ,” ಅಂದಳು ಕಂಪ್ಯೂಟರ್ ನೋಡಲು ಬಂದಿದ್ದ, ವಾರ್ಡ್ ಸಚಿವಾಲಯದ ಡಿಜಿಟಲ್ ಅಸಿಸ್ಟೆಂಟ್ ಪವಿತ್ರ. “ಕಂಪ್ಯೂಟರ್ ನಡೆಸೋ ಸಿಸ್ಟಮ್‌ನ್ಯಾಗ ತೂತಿತ್ತು. ಮುಚ್ಚೋ ಅಪ್‌ಡೇಟ್ ಎಂಟು ತಿಂಗಳ ಹಿಂದೆನೇ ಬಂದೈತಿ, ನೀವು ಹಾಕಿಲ್ಲ. ವೈರಸ್ ಅಲ್ಲಿಂದ ಹೊಕ್ಕೈತಿ.”

“ಪ್ರತಿ ಸಲ ಹಾಕೀನ್ರಿ!” ಅಂದಳು ರೇವತಿ.

ಹೌದು, ಹಾಕಿದ್ದಳು. ಆದರೆ ಈ ಮನೆಗೆ ನೆಟ್ ಬರುವುದು ಗಂಡ ಹನುಮೇಶನ ಫೋನಿನಿಂದ. ಅವನು ಉಣ್ಣಲು ಬಂದರೆ ನೆಟ್ ಬಂತು, ಅವನು ಎದ್ದರೆ ನೆಟ್ಟೂ ಎದ್ದು ಹೋಯಿತು. ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. “ಸಾಕು, ಆಫ್ ಮಾಡು” ಅನ್ನುತ್ತಾನೆ. ಮಾಡುತ್ತಾಳೆ. ಹದಿನಾಲ್ಕು ಮನೆಗಳ ಗುಟ್ಟು ಕಾಯಬೇಕಾದವಳು ಗಂಡನ ಊಟದ ಹೊತ್ತು ಕಾಯಬೇಕು!

“ವೈರಸ್ ತೆಗೆದೀನಿ. ಹೋದದ್ದು ತಿರುಗಿ ಬರಂಗಿಲ್ಲ,” ಅಂದಳು ಪವಿತ್ರ. “ದೂರು ಕೊಡಾಕ ತಿಪ್ಪಮ್ಮನ ಜೊತಿ ನಾನೇ ಬರ್ತೀನಿ. ಆದ್ರ ತೂತು ಮುಚ್ಚದಿದ್ರ ನಾಳೆ ಮತ್ತೊಬ್ಬ ಹೊಗ್ತಾನ.”

ಓಬಕ್ಕ ಸೊಸೆಯ ಕಡೆ ತಿರುಗಿದಳು. “ನನ್ನ ಆಧಾರೂ ಇದರಾಗ ಐತೇನು?”

“ಐತ್ರಿ ಅತ್ತಿ.”

“ಅಯ್ಯೋ ನಿನ್ನ! ಹಾಕವ್ವ, ಮೊದ್ಲು ಹಾಕು ಅದನ್ನ!”

ಹನುಮೇಶ್ ಊಟಕ್ಕೆ ಬಂದ. ರೇವತಿ ಅವನ ಫೋನ್ ಇಸಿದುಕೊಂಡು, ಕಂಪ್ಯೂಟರಿಗೆ ನೆಟ್ ಕೊಟ್ಟು ಅಪ್‌ಡೇಟ್ ಒತ್ತಿದಳು. ಪರದೆಯ ಮೇಲೆ ಶೇಕಡಾ ಹತ್ತು. ಇಪ್ಪತ್ತೆಂಟು. ನಲವತ್ತು.

ಅಕ್ಕಂದಿರೇ, ಅಣ್ಣಂದಿರೇ, ‘ಆಮೇಲೆ’ ಎಂದು ಒತ್ತಿ ಬಿಟ್ಟ ಅಪ್‌ಡೇಟ್ ನಿಮ್ಮ ಮನೆಯಲ್ಲೂ ಇದೆಯೇ? ಇವತ್ತೇ ಹಾಕಿ. ಪೂರ್ತಿ ಮುಗಿಯುವ ತನಕ ಕಂಪ್ಯೂಟರ್ ಆರಿಸಬೇಡಿ. ಅಪ್‌ಡೇಟ್ ಬರುವುದೇ ನಿಂತುಹೋದ ಹಳೇ ಸಿಸ್ಟಮ್ ಇದ್ದರೆ ಬದಲಿಸಿ. ಗುರುತಿಲ್ಲದವರ ಫೈಲು ತೆರೆಯಬೇಡಿ. ನಿಮ್ಮ ಅವಸರಕ್ಕೆ ಇನ್ನೊಬ್ಬ ತಿಪ್ಪಮ್ಮ ಠಾಣೆಯ ಮೆಟ್ಟಿಲು ಹತ್ತುವುದು ಬೇಡ.

ಅರವತ್ತೆರಡು. ಹನುಮೇಶ್ ಕೈತೊಳೆಯಲು ಎದ್ದ.

“ಇನ್ನೊಂದು ಮುದ್ದಿ ಉಣ್ಣು, ಕೂಡು,” ಅಂದಳು ಓಬಕ್ಕ.

“ಹೊಟ್ಟಿ ತುಂಬೈತಿ ಬಿಡಬೇ. ರೇವತಿ, ಫೋನ್ ಕೊಡು. ಅದನ್ನ ಆಫ್ ಮಾಡು.”

ರೇವತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು.

“ಕೊಡಂಗಿಲ್ರಿ. ಮುಗಿಯೋ ತನಕ ಆಫೂ ಮಾಡಂಗಿಲ್ಲ.”